ಪೆಟ್ಟಿಗೆಯ ಮೇಲಿನ ಮೊಲ

(ಬಾನುಲಿ ಭಾಷಣ)

ಕಳೆದ ಸಂಕ್ರಾಂತಿಗೆ ಬೆಂಗಳೂರಿನಿಂದ ಸಾಸಲಿಗೆ ಬಂದಿದ್ದ ನನ್ನ ಮೊಮ್ಮಗಳು ಹಜಾರದ ಗೂಡಿನಲ್ಲಿ ಒಂದು ಚಿಕ್ಕ ಪೆಟ್ಟಿಗೆಯನ್ನಿಟ್ಟಿದ್ದಳು. ಮುಖಕ್ಕೆ ಹಚ್ಚಿಕೊಳ್ಳುವ ಲೇಪದ ಪೆಟ್ಟಿಗೆ. ಅಚ್ಚಾದ ಅಕ್ಷರ ಎಲ್ಲಿ ಕಂಡರೂ ಓದುವುದು ಮೇಷ್ಟರ ಕೆಲಸ ಬಿಟ್ಟ ಮೇಲೂ ನನ್ನನ್ನು ಬಿಡದ ಚಾಳಿ. ಕನ್ನಡಕವನ್ನೇರಿಸಿ ನೋಡಿದೆ. ಒಂದು ಮೂಲೆಯಲ್ಲಿ ನೆಗೆಯುತ್ತಿರುವ ಮೊಲದ ಚಿತ್ರ. ಅದರ ಕೆಳಗೆ, ಈ ವಸ್ತುವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲವೆಂಬ ಒಂದು ಸಾಲು.

“ಈ ಮೊಲಕ್ಕೂ ನಿನ್ನ ಮುಖಕ್ಕೂ ಏನಮ್ಮ ಸಂಬಂಧ?” ಎಂದು ಕೇಳಿದೆ.

“ನನಗೂ ಸರಿಯಾಗಿ ಗೊತ್ತಿಲ್ಲ ತಾತ. ಅದನ್ನ ನಂಬಬಹುದೋ ಬೇಡವೋ ನೀವೇ ಓದಿ ಹೇಳಿ. ಒಂದೊಂದು ಶಬ್ದಕ್ಕೂ ಮೂರು ಮೂರು ಅರ್ಥ ಹೇಳ್ತಿದ್ದೋರಲ್ವ ನೀವು?” ಎಂದಳು.

ಅವಳು ತಮಾಷೆಗೆ ಆಡಿದ ಮಾತು. ಆದರೆ ಮೂವತ್ತು ವರ್ಷ ಕಾಲೇಜಿನಲ್ಲಿ ಹಳಗನ್ನಡದ ಪಾಠ ಹೇಳಿದವನಿಗೆ ಒಂದು ಸಾಲನ್ನು ಓದಲಾರೆನೆನ್ನುವುದು ಮರ್ಯಾದೆಯ ಪ್ರಶ್ನೆ. ಅಂದಿನಿಂದ ಕೆಲವು ತಿಂಗಳು ಈ ಮೊಲದ ಬೆನ್ನು ಹತ್ತಿದೆ. ಕಂಡುದನ್ನು ಕೇಳುಗರ ಮುಂದಿಡುತ್ತಿದ್ದೇನೆ.

ಮೈಗೆ ಹಚ್ಚುವ ಸುಗಂಧ, ಲೇಪಗಳ ವಿದ್ಯೆ ನಮಗೆ ಹೊಸದಲ್ಲ. ಸುಮಾರು 1025ರಲ್ಲಿ ಚಾವುಂಡರಾಯನೆಂಬ ಕವಿ ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಬಾವಿ ತೋಡುವ ವಿಚಾರದ ಜೊತೆಗೆ, ಗಿಡಮರಗಳ ಆರೈಕೆಯ ಜೊತೆಗೆ, ಸುಗಂಧದ್ರವ್ಯಗಳ ತಯಾರಿಕೆಯೂ ಇದೆ, ದನಕರುಗಳ ಚಿಕಿತ್ಸೆಯೂ ಇದೆ. ಸುಗಂಧವೂ ಪಶುವೈದ್ಯವೂ ಒಂದೇ ಗ್ರಂಥದಲ್ಲಿ ನೆರೆಹೊರೆಯವರಂತೆ ಕುಳಿತಿರುವುದನ್ನು ನೋಡಿ ನಾನು ಹಿಂದೆ ವಿದ್ಯಾರ್ಥಿಗಳೊಡನೆ ನಕ್ಕದ್ದುಂಟು. ಮುಂದಿನ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಸ್ನಾನವನ್ನೂ ಅನುಲೇಪನವನ್ನೂ ರಾಜನ ಭೋಗಗಳ ಸಾಲಿಗೆ ಸೇರಿಸಿದ. ಅರಿಶಿನ, ಕಡಲೆಹಿಟ್ಟು, ಸೀಗೆಕಾಯಿ, ಹರಳೆಣ್ಣೆಯ ದೀಪದಿಂದ ಹಿಡಿದ ಕಾಡಿಗೆ, ತೇಯ್ದ ಗಂಧ ಇವೆಲ್ಲ ಪರೀಕ್ಷೆಗೊಳಗಾಗಲಿಲ್ಲವೆಂದಲ್ಲ. ನಮ್ಮ ಅಜ್ಜಿಯರ ಚರ್ಮದ ಮೇಲೆ, ಅವರ ಅಜ್ಜಿಯರ ಚರ್ಮದ ಮೇಲೆ ತಲೆಮಾರುಗಟ್ಟಲೆ ಪರೀಕ್ಷೆಯಾದವು. ಉರಿದದ್ದನ್ನು ಬಿಟ್ಟರು, ಒಗ್ಗಿದ್ದನ್ನು ಉಳಿಸಿಕೊಂಡರು.

ಕಾರ್ಖಾನೆಯ ಯುಗ ಮೈಸೂರು ಸೀಮೆಗೆ ಬಂದದ್ದು ಗಂಧದ ಮೂಲಕವೇ. 1914ರ ಮಹಾಯುದ್ಧದಿಂದಾಗಿ ನಮ್ಮ ಗಂಧದ ಮರ ಯೂರೋಪಿಗೆ ಹೋಗುವುದು ನಿಂತಿತು. ನಾಲ್ವಡಿ ಕೃಷ್ಣರಾಜ ಒಡೆಯರು ಅರಸರು, ವಿಶ್ವೇಶ್ವರಯ್ಯನವರು ದಿವಾನರು. ಬೆಂಗಳೂರಿನ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾದ ಸಡ್‌ಬರೋ, ವಾಟ್ಸನ್ ಎಂಬವರ ಪ್ರಯೋಗಗಳ ನೆರವಿನಿಂದ 1916ರಲ್ಲಿ ಇಲ್ಲಿಯೇ ಗಂಧದೆಣ್ಣೆ ಬಟ್ಟಿ ಇಳಿಸುವ ಕೆಲಸ ಮೊದಲಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿ ಸೋಪಿನ ವಿದ್ಯೆ ಕಲಿಸಿದರು. 1918ರಲ್ಲಿ ಮೈಸೂರು ಸ್ಯಾಂಡಲ್ ಸೋಪು ಪೇಟೆಗೆ ಬಂದಿತು. ಆನೆಯ ತಲೆ, ಸಿಂಹದ ಮೈಯಿನ ಶರಭ ಅದರ ಗುರುತು. ನಮ್ಮ ಪೆಟ್ಟಿಗೆಯ ಮೇಲೆ ಮೊಟ್ಟಮೊದಲು ಬಂದ ಪ್ರಾಣಿ ಮೊಲವಲ್ಲ, ಶರಭ!

ಇಲ್ಲಿ ಕಾನೂನಿನ ಒಂದು ಸ್ವಾರಸ್ಯವನ್ನು ಹೇಳಬೇಕು. ದೇಶದ ಔಷಧ ಕಾನೂನು 1940ರದು. 1962ರ ತಿದ್ದುಪಡಿಯಿಂದ ಸೌಂದರ್ಯಸಾಧನಗಳೂ ಅದರ ವ್ಯಾಪ್ತಿಗೆ ಬಂದವು. ಅಲ್ಲಿ ಸೌಂದರ್ಯಸಾಧನಕ್ಕೆ ಕೊಟ್ಟ ಲಕ್ಷಣ ನಮ್ಮ ಅಲಂಕಾರಶಾಸ್ತ್ರದ ಲಕ್ಷಣಗಳಷ್ಟೇ ಬಿಗಿಯಾದುದು: ಮನುಷ್ಯನ ದೇಹಕ್ಕೆ ಉಜ್ಜುವ, ಸುರಿಯುವ, ಚಿಮುಕಿಸುವ, ಹಚ್ಚುವ ಯಾವುದೇ ವಸ್ತು, ಉದ್ದೇಶ ಶುದ್ಧಿ ಅಥವಾ ಅಂದ. ಅಂತಹ ವಸ್ತುವಿನ ಘಟಕವಾಗಿ ಬಳಸುವ ದ್ರವ್ಯವೂ ಸೌಂದರ್ಯಸಾಧನವೇ ಎಂದು ಅದಕ್ಕೊಂದು ಬಾಲ. ಈ ಬಾಲವನ್ನು ಕೇಳುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಇಷ್ಟು ಹೇಳಿ ಕೊನೆಗೆ, ಸೋಪು ಮಾತ್ರ ಇದರಲ್ಲಿ ಸೇರದು ಎಂದಿತ್ತು. ಆ ಮಾತನ್ನು ತೆಗೆದುಹಾಕಿದ್ದು 1982ರಲ್ಲಿ. ಹುಟ್ಟಿ ಅರವತ್ತು ವರ್ಷ ದಾಟಿದ ಮೇಲೆ ನಮ್ಮ ಗಂಧದ ಸೋಪು ಕಾನೂನಿನ ಕಣ್ಣಿನಲ್ಲಿ ಸೌಂದರ್ಯಸಾಧನವಾಯಿತು.

ಹಳೆಯದೆಲ್ಲ ಅಮೃತ, ಹೊಸದೆಲ್ಲ ವಿಷ ಎಂಬ ಪಂಗಡಕ್ಕೆ ಸೇರಿದವನು ನಾನಲ್ಲ. ಆದರೆ ನನ್ನ ದೊಡ್ಡಕ್ಕನಿಗೆ ಆದುದನ್ನು ಮರೆಯಲಾರೆ. ಈಗ್ಗೆ ಮೂವತ್ತು ವರ್ಷಗಳ ಹಿಂದೆ ಮನೆಯಲ್ಲೊಂದು ಮದುವೆ. ತಲೆ ನರೆತಿತ್ತೆಂದು ಅಕ್ಕ ಯಾರದೋ ಮಾತು ಕೇಳಿ ಕೂದಲಿಗೆ ಕಪ್ಪು ಬಣ್ಣ ಹಚ್ಚಿಕೊಂಡಳು. ಮರುದಿನ ಬೆಳಿಗ್ಗೆ ನೆತ್ತಿಯಿಂದ ಕೊರಳವರೆಗೆ ಬಾತುಹೋಗಿತ್ತು. ರೆಪ್ಪೆಗಳು ಬಿಗಿದು ಕಣ್ಣು ತೆರೆಯಲಾಗಲಿಲ್ಲ. ಧಾರೆಯ ಹೊತ್ತಿಗೆ ಅವಳು ಒಳಮನೆಯಲ್ಲಿ ಒದ್ದೆ ಬಟ್ಟೆ ಹೊದ್ದು ಮಲಗಿದ್ದಳು. ಸ್ವಂತ ಮಗಳ ಧಾರೆಯನ್ನು ಅವಳು ಕಿವಿಯಿಂದ ಕೇಳಿದಳೇ ಹೊರತು ಕಣ್ಣಿನಿಂದ ನೋಡಲಿಲ್ಲ. ನಾಲ್ಕನೆಯ ದಿನ ಕಣ್ಣು ಬಿಟ್ಟಳು. ಹಚ್ಚುವುದಕ್ಕೆ ಮುಂಚೆ ತೋಳಿನ ಮೇಲೆ ಒಂದಿಷ್ಟು ಸವರಿ ಪರೀಕ್ಷಿಸಬೇಕೆಂದು ಪೊಟ್ಟಣದ ಮೇಲೆ ಬರೆದಿತ್ತು, ಅದನ್ನು ಓದಿದವರಾರು?

ಮೊಲದ ಕಥೆ ಪ್ರಾರಂಭವಾಗುವುದು ಕ್ರೌರ್ಯದಿಂದಲ್ಲ, ನಮ್ಮ ಅಕ್ಕನಂತಹ ಒಬ್ಬ ಹೆಂಗಸಿನಿಂದ ಎಂಬುದು ಈ ಓದಿನಲ್ಲಿ ನನಗೆ ತಿಳಿದ ಮೊದಲ ಸಂಗತಿ. 1933ರ ಸುಮಾರಿನಲ್ಲಿ ಅಮೆರಿಕದಲ್ಲಿ ‘ಲ್ಯಾಷ್ ಲೂರ್’ ಎಂಬ, ಕಣ್ಣುರೆಪ್ಪೆಗೆ ಹಚ್ಚುವ ಬಣ್ಣವೊಂದು ಮಾರಾಟಕ್ಕೆ ಬಂದಿತು. ಅದರಲ್ಲಿದ್ದದ್ದು ಕೂದಲ ಬಣ್ಣಗಳಲ್ಲಿರುವ ಜಾತಿಯದೇ ಆದ, ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ಒಂದು ದ್ರವ್ಯ. ಅದನ್ನು ಹಚ್ಚಿಸಿಕೊಂಡ ಹಲವು ಹೆಂಗಸರ ಕಣ್ಣು ಹೋಯಿತು, ಒಬ್ಬಳ ಪ್ರಾಣವೂ ಹೋಯಿತು. ಅಂದಿನ ಅಮೆರಿಕದ ಕಾನೂನಿನಲ್ಲಿ ಅದನ್ನು ತಡೆಯುವ ಅಧಿಕಾರ ಸರ್ಕಾರಕ್ಕಿರಲಿಲ್ಲ. ಅಧಿಕಾರಿಗಳು ಅಂತಹ ಬಲಿಗಳ ಚಿತ್ರಗಳನ್ನು ಪ್ರದರ್ಶನವಾಗಿ ಜೋಡಿಸಿ ಜನಕ್ಕೆ ತೋರಿಸಿದರು. ಕೊನೆಗೆ 1938ರಲ್ಲಿ ಹೊಸ ಕಾನೂನು ಬಂದು ಸೌಂದರ್ಯಸಾಧನಗಳೂ ಅದರಡಿ ಸೇರಿದವು. ಹಾಗಾದರೆ ಕಣ್ಣಿಗೆ ಯಾವುದು ಕೇಡು ಎಂದು ಅಳೆಯುವುದು ಹೇಗೆ? ಅಲ್ಲಿಯ ಸರ್ಕಾರದ ಔಷಧ ಇಲಾಖೆಯಲ್ಲಿದ್ದ ಜಾನ್ ಡ್ರೇಜ್ ಎಂಬ ವಿಜ್ಞಾನಿ ಮತ್ತು ಅವನ ಸಂಗಡಿಗರು 1944ರಲ್ಲಿ ಒಂದು ಕ್ರಮವನ್ನು ಪ್ರಕಟಿಸಿದರು. ಅಳತೆಗೋಲಾದದ್ದು ಬಿಳಿಯ ಮೊಲ.

ಬಿಳಿಯ ಮೊಲವನ್ನು ಕತ್ತು ಮಾತ್ರ ಹೊರಗಿರುವಂತೆ ಒಂದು ಚೌಕಟ್ಟಿನಲ್ಲಿ ಸಿಕ್ಕಿಸುತ್ತಿದ್ದರು. ಒಂದು ಕಣ್ಣಿನ ಕೆಳರೆಪ್ಪೆಯನ್ನು ಬಟ್ಟಲಿನಂತೆ ಎಳೆದು ಪರೀಕ್ಷಿಸಬೇಕಾದ ದ್ರವ್ಯವನ್ನು 0.1 ಮಿಲಿಲೀಟರಿನಷ್ಟು ಬಿಡುತ್ತಿದ್ದರು. ಮತ್ತೊಂದು ಕಣ್ಣು ಹೋಲಿಕೆಗೆ. ಆಮೇಲೆ 24, 48, 72 ಗಂಟೆಗಳಿಗೊಮ್ಮೆ, ಇನ್ನೂ ಮುಂದೆಯೂ ನೋಡಿ ಕಣ್ಣಿನ ಪರದೆ ಎಷ್ಟು ಮಸುಕಾಯಿತು, ಎಷ್ಟು ಕೆಂಪಾಯಿತು, ಎಷ್ಟು ಬಾತಿತು, ಎಷ್ಟು ಸುರಿಯಿತು ಎಂದು ಅಂಕ ಹಾಕುತ್ತಿದ್ದರು. ಪೂರ್ಣಾಂಕ 110. ನಾನೂ ಜೀವಮಾನವೆಲ್ಲ ಅಂಕ ಹಾಕಿದವನೇ. ಇಂತಹ ಅಂಕಪಟ್ಟಿಯೊಂದಿದೆಯೆಂದು ಓದಿದ ರಾತ್ರಿ ಊಟ ಸೇರಲಿಲ್ಲ. ಮೊಲವೇ ಏಕೆಂದರೆ ಅದು ಅಗ್ಗ, ಸಾಧು, ಕಣ್ಣು ದೊಡ್ಡದು, ಕಚ್ಚುವುದಿಲ್ಲ, ಕೂಗುವುದಿಲ್ಲ. ಚರ್ಮದ ಪರೀಕ್ಷೆಗೆ ಅದರ ಬೆನ್ನಿನ ರೋಮವನ್ನು ಬೋಳಿಸುತ್ತಿದ್ದರು. ಅಲರ್ಜಿಯ ಪರೀಕ್ಷೆಗೆ ಗಿನಿಯಿಲಿ. ವಿಷದ ಅಳತೆಗೆ, ಅರ್ಧದಷ್ಟು ಇಲಿಗಳು ಸಾಯುವ ಪ್ರಮಾಣವೆಷ್ಟೆಂದು ಕಂಡುಹಿಡಿಯುವ ಕ್ರಮ 1927ರಿಂದಲೇ ಇತ್ತು.

ಇಷ್ಟೆಲ್ಲ ಮಾಡಿ ದೊರೆತ ಜ್ಞಾನವಾದರೂ ಖಚಿತವೋ? 1971ರಲ್ಲಿ ವೈಲ್ ಮತ್ತು ಸ್ಕಾಲ ಎಂಬ ಇಬ್ಬರು ಒಂದೇ ಬಗೆಯ ದ್ರವ್ಯಗಳನ್ನು ಇಪ್ಪತ್ತಕ್ಕೂ ಹೆಚ್ಚು ಪ್ರಯೋಗಶಾಲೆಗಳಿಗೆ ಕಳುಹಿಸಿ ಮೊಲಗಳ ಮೇಲೆ ಪರೀಕ್ಷೆ ಮಾಡಿಸಿದರು. ಒಂದು ಕಡೆ ತೀವ್ರವೆನಿಸಿದ್ದು ಇನ್ನೊಂದು ಕಡೆ ಸೌಮ್ಯವೆನಿಸಿತು. ಮೊಲದ ಕಣ್ಣು ಮನುಷ್ಯನ ಕಣ್ಣಲ್ಲ; ಅದಕ್ಕೆ ಮೂರನೆಯ ರೆಪ್ಪೆಯೊಂದುಂಟು, ನಮ್ಮಂತೆ ನೀರೂರಿ ತೊಳೆಯುವ ಶಕ್ತಿ ಕಡಿಮೆ.

ಇದನ್ನು ಬೀದಿಗೆ ತಂದವನು ಹೆನ್ರಿ ಸ್ಪೈರಾ ಎಂಬ, ಹಡಗಿನಲ್ಲಿ ದುಡಿದು ಆಮೇಲೆ ನ್ಯೂಯಾರ್ಕಿನಲ್ಲಿ ಶಾಲಾಮಾಸ್ತರನಾದ ಮನುಷ್ಯ. 1980ರ ಏಪ್ರಿಲ್ 15ರಂದು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಪೂರ್ತಿ ಪುಟದ ಜಾಹೀರಾತು ಕೊಟ್ಟು, ಚೆಲುವಿಗಾಗಿ ನೀವು ಎಷ್ಟು ಮೊಲಗಳ ಕಣ್ಣು ಕಳೆಯುತ್ತೀರಿ ಎಂಬರ್ಥದ ಪ್ರಶ್ನೆಯನ್ನು ರೆವ್ಲಾನ್ ಕಂಪನಿಗೆ ಹಾಕಿದ. ಅವನ ಬುದ್ಧಿವಂತಿಕೆ ಏನೆಂದರೆ, ನಾಳೆಯೇ ನಿಲ್ಲಿಸಿ ಎಂದು ಕೇಳಲಿಲ್ಲ. ಬೇರೆ ದಾರಿ ಹುಡುಕುವುದಕ್ಕೆ ಹಣ ಕೊಡಿ ಎಂದು ಕೇಳಿದ. ಆ ಕಂಪನಿ ರಾಕ್‌ಫೆಲರ್ ವಿಶ್ವವಿದ್ಯಾಲಯಕ್ಕೆ 7,50,000 ಡಾಲರ್ ಕೊಟ್ಟಿತು. 1981ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿ ಬದಲಿ ವಿಧಾನಗಳಿಗೆಂದೇ ಒಂದು ಕೇಂದ್ರ ಹುಟ್ಟಿತು. 1989ರಲ್ಲಿ ರೆವ್ಲಾನ್, ಏವಾನ್ ಎರಡೂ ಪ್ರಾಣಿಪರೀಕ್ಷೆ ನಿಲ್ಲಿಸಿದುದಾಗಿ ಸಾರಿದವು.

ಬದಲಿ ಎಂದರೇನು? ಕಾವಿಗಿಟ್ಟ ಕೋಳಿಮೊಟ್ಟೆಯೊಳಗಿನ ತೆಳುಪೊರೆಯ ಮೇಲೆ ದ್ರವ್ಯವನ್ನು ಹಾಕಿ ನೋಡುವುದೊಂದು. ಕಸಾಯಿಖಾನೆಯಲ್ಲಿ ಹೇಗೂ ಬಿಸಾಡುವ ದನದ ಕಣ್ಣಿನ ಪರದೆಯನ್ನು ಬಳಸುವುದೊಂದು. ಎಲ್ಲಕ್ಕಿಂತ ವಿಚಿತ್ರವಾದದ್ದು, ಶಸ್ತ್ರಚಿಕಿತ್ಸೆಯಲ್ಲಿ ಕತ್ತರಿಸಿ ಉಳಿದ ಮನುಷ್ಯರ ಚರ್ಮದ ಜೀವಕೋಶಗಳನ್ನು ಬಟ್ಟಲಿನಲ್ಲಿ ಬೆಳೆಸಿ ಚರ್ಮವನ್ನೇ ಕಟ್ಟುವುದು. ಇಂತಹ ಚರ್ಮದ ಮೇಲಿನ ಪರೀಕ್ಷೆಗೆ 2010ರಲ್ಲಿ ಅಂತರರಾಷ್ಟ್ರೀಯ ಮಾನ್ಯತೆ ದೊರೆಯಿತು. ಇದನ್ನು ಓದುವಾಗ ಕನ್ನಡ ಬಲ್ಲ ಯಾರಿಗಾದರೂ ಜನ್ನನ ನೆನಪಾಗದೆ ಇರದು. 1209ರ ‘ಯಶೋಧರ ಚರಿತೆ’ಯಲ್ಲಿ ಬಲಿಗೆ ಬದಲಿಯಾಗಿ ಬಂದದ್ದು ಹಿಟ್ಟಿನ ಕೋಳಿ. ಆದರೆ ಕತ್ತಿಯೆತ್ತಿದವನ ಮನಸ್ಸಿನಲ್ಲಿ ಕೊಲ್ಲುವ ಸಂಕಲ್ಪವಿದ್ದುದರಿಂದ ಹಿಟ್ಟಿನ ಕೋಳಿಯೂ ಅವನನ್ನು ಜನ್ಮಜನ್ಮಾಂತರ ಕಾಡಿತು. ಪ್ರಯೋಗಶಾಲೆಯ ಈ ಹಿಟ್ಟಿನ ಕೋಳಿಗೆ ಆ ದೋಷ ತಟ್ಟದು. ಇಲ್ಲಿ ಕೊಲ್ಲಬಾರದೆಂಬುದೇ ಸಂಕಲ್ಪ. ಆದರೂ ಸಂಕಲ್ಪವನ್ನು ನೋಡು, ಕೃತ್ಯವನ್ನಷ್ಟೇ ನೋಡಬೇಡ ಎಂಬ ಜನ್ನನ ಪಾಠ ಕಂಪನಿಗಳ ಮಾತನ್ನು ಓದುವಾಗ ನನಗೆ ಉಪಯೋಗಕ್ಕೆ ಬಂತು.

ನಮ್ಮ ದೇಶದ ವಿಚಾರಕ್ಕೆ ಬರೋಣ. ನೃತ್ಯಕಲಾವಿದೆ ರುಕ್ಮಿಣಿದೇವಿ ಅರುಂಡೇಲರು 1952ರಲ್ಲಿ ರಾಜ್ಯಸಭೆಗೆ ನಾಮಕರಣಗೊಂಡವರು, ಪ್ರಾಣಿಹಿಂಸೆಯ ವಿರುದ್ಧ ಮಸೂದೆಯೊಂದನ್ನು ತಂದರು. ಅದರ ಫಲವೇ 1960ರ ಪ್ರಾಣಿಹಿಂಸಾ ನಿವಾರಣಾ ಕಾನೂನು. ಅದರ 14ನೆಯ ಪ್ರಕರಣ ಪ್ರಾಣಿಗಳ ಮೇಲಿನ ಪ್ರಯೋಗಕ್ಕೆ ಅವಕಾಶ ಕೊಡುತ್ತದೆ. ಯಾವುದಕ್ಕಾಗಿ? ಶರೀರಶಾಸ್ತ್ರದ ಹೊಸ ತಿಳಿವಿಗಾಗಿ. ಪ್ರಾಣವುಳಿಸಲು, ಆಯುಸ್ಸು ಹೆಚ್ಚಿಸಲು, ನೋವು ತಗ್ಗಿಸಲು. ಮನುಷ್ಯರ, ಪ್ರಾಣಿಗಳ, ಸಸ್ಯಗಳ ರೋಗವನ್ನೆದುರಿಸಲು. ಇಡೀ ಪಟ್ಟಿಯಲ್ಲಿ ಸಸ್ಯಗಳಿಗೂ ಸ್ಥಾನವಿದೆ, ಚೆಲುವಿಗೆ ಸ್ಥಾನವಿಲ್ಲ. ಹೀಗಿದ್ದೂ ಭಾರತೀಯ ಮಾನಕ ಸಂಸ್ಥೆಯ ಸೌಂದರ್ಯಸಾಧನಗಳ ಸುರಕ್ಷತೆಯ ಮಾನಕದಲ್ಲಿ ಪ್ರಾಣಿಪರೀಕ್ಷೆಗೆ ಎಡೆಯಿತ್ತು. ಒಂದು ಕೈ ಕೊಡದ ಅನುಮತಿಯನ್ನು ಇನ್ನೊಂದು ಕೈ ಕೇಳುತ್ತಿತ್ತು. 2013ರಲ್ಲಿ ಆ ಪರೀಕ್ಷೆಗಳನ್ನು ಮಾನಕದಿಂದ ಕೈಬಿಟ್ಟರು. 2014ರ ಮೇ ತಿಂಗಳಲ್ಲಿ, ಸೌಂದರ್ಯಸಾಧನಗಳ ಪರೀಕ್ಷೆಗೆ ಯಾರೂ ಯಾವ ಪ್ರಾಣಿಯನ್ನೂ ಬಳಸಕೂಡದೆಂಬ 148-ಸಿ ನಿಯಮ ಬಂತು. ಅದೇ ವರ್ಷದ ನವೆಂಬರಿನಿಂದ, ಹಾಗೆ ಪರೀಕ್ಷಿಸಿದ ಸಾಧನಗಳ ಆಮದಿಗೂ ತಡೆಯಾಯಿತು. ದಕ್ಷಿಣ ಏಷ್ಯದಲ್ಲಿ ಇದೇ ಮೊದಲು. ಆಗಲೇ ಹೇಳಿದ ಬಾಲ ಇಲ್ಲಿ ಕೆಲಸ ಮಾಡುತ್ತದೆ: ಘಟಕದ್ರವ್ಯವೂ ಸೌಂದರ್ಯಸಾಧನವೇ ಎಂಬ ಲಕ್ಷಣವಿರುವುದರಿಂದ ನಿಷೇಧ ಸಿದ್ಧವಸ್ತುವಿಗಷ್ಟೇ ಸೀಮಿತವಲ್ಲ. 1962ರಲ್ಲಿ ಆ ಬಾಲವನ್ನಂಟಿಸಿದ ಪುಣ್ಯಾತ್ಮ ಯಾರೋ, ಮೊಲದ ಮಟ್ಟಿಗೆ ಬಲು ದೊಡ್ಡ ಉಪಕಾರಿ.

ಬೆಂಗಳೂರಿನವರಿಗೆ ಇದು ದೂರದ ಸಮಾಚಾರವಲ್ಲ. 1930ರಲ್ಲಿ ಡೆಹರಾಡೂನಿನಲ್ಲಿ ಪ್ರಾರಂಭವಾದ ಹಿಮಾಲಯ ಕಂಪನಿಯ ಕಾರ್ಖಾನೆ ತುಮಕೂರು ರಸ್ತೆಯ ಮಾಕಳಿಯಲ್ಲಿದೆ. ಯೂನಿಲಿವರ್‌ನಂತಹ ಭಾರಿ ಸಂಸ್ಥೆಯ ಸಂಶೋಧನಾಲಯ ವೈಟ್‌ಫೀಲ್ಡಿನಲ್ಲಿದೆ. ನಮ್ಮ ಊರಿನ ಹುಡುಗಿಯರು ಕೊಳ್ಳುವ ಡಬ್ಬಿಗಳ ಬೆನ್ನಿನ ಮೇಲೆ ನಮ್ಮದೇ ಸೀಮೆಯ ಹೆಸರುಗಳು ಕಾಣುತ್ತವೆ.

ಕಾನೂನೇ ನಿಷೇಧಿಸಿದ ಮೇಲೆ ಕಂಪನಿ ಮೊಲದ ಚಿತ್ರ ಹಾಕಿ ಹೆಮ್ಮೆಪಡುವುದೇನು? ಕಳ್ಳತನ ಮಾಡುವುದಿಲ್ಲವೆಂದು ಅಂಗಡಿಯವನು ಬೋರ್ಡು ಬರೆಸಿದಂತಾಯಿತಲ್ಲ! ಈ ಸಂಶಯದಿಂದಲೇ ನಾನು ಮೂರು ಕಂಪನಿಗಳಿಗೆ ಕಾಗದ ಬರೆದೆ. ಹೆಸರುಗಳು ಬೇಡ. ಬಂದ ಮೂರು ಉತ್ತರಗಳನ್ನು ಒಂದೇ ಕೃತಿಯ ಮೂರು ಹಸ್ತಪ್ರತಿಗಳೆಂದು ಭಾವಿಸಿ ಪಾಠಾಂತರಗಳನ್ನು ಗುರುತು ಹಾಕಿದೆ.

ಮೊದಲನೆಯವರದು ಒಂದೇ ಸಾಲು: ತಮ್ಮ ಸಿದ್ಧವಸ್ತುವನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದಿಲ್ಲ. ‘ಸಿದ್ಧವಸ್ತು’ ಎಂಬ ಶಬ್ದದ ಮೇಲೆ ಬೆರಳಿಟ್ಟೆ. ಹೋಳಿಗೆಯನ್ನು ನಾಯಿಗೆ ಹಾಕಿ ನೋಡಲಿಲ್ಲ ನಿಜ, ಹೂರಣವನ್ನು? ಕಂಪನಿಗಳು ಬಹಳ ಮಟ್ಟಿಗೆ ಘಟಕದ್ರವ್ಯಗಳನ್ನು ಬೇರೆಯವರಿಂದ ಕೊಳ್ಳುತ್ತವೆ. ಆ ಬೇರೆಯವರು ಬೇರೆ ದೇಶದಲ್ಲಿ, ಬೇರೆ ಕಾನೂನಿನಡಿ ಏನು ಮಾಡಿದರೆಂಬುದಕ್ಕೆ ಈ ಸಾಲಿನಲ್ಲಿ ಉತ್ತರವಿಲ್ಲ. ಈ ಒಂದು ಶಬ್ದದ ಅಂತರವನ್ನು ದಾಟಲು ಯೂರೋಪಿಗೆ ಒಂಬತ್ತು ವರ್ಷ ಬೇಕಾಯಿತು: 2004ರಲ್ಲಿ ಸಿದ್ಧವಸ್ತುವಿನ ಪರೀಕ್ಷೆ ನಿಂತಿತು, 2009ರಲ್ಲಿ ಘಟಕಗಳದು, 2013ರ ಮಾರ್ಚ್ 11ರಿಂದ ಹಾಗೆ ಪರೀಕ್ಷಿಸಿದುದರ ಮಾರಾಟವೂ.

ಎರಡನೆಯವರದು ಎರಡು ಪುಟ. ತಾವಾಗಲಿ, ತಮ್ಮ ಪರವಾಗಿ ಯಾರೇ ಆಗಲಿ, ಘಟಕಗಳನ್ನು ಒದಗಿಸುವವರಾಗಲಿ, ಇಂತಹ ದಿನಾಂಕದಿಂದೀಚೆಗೆ ಪರೀಕ್ಷಿಸಿಲ್ಲ. ಒದಗಿಸುವವರಿಂದ ವರ್ಷಕ್ಕೊಮ್ಮೆ ಬರವಣಿಗೆ ಪಡೆಯುತ್ತೇವೆ ಎಂದಿತ್ತು. ದಿನಾಂಕವೇಕೆ ಎಂದು ಮೊದಲು ಅನುಮಾನಪಟ್ಟೆ. ಆಮೇಲೆ ಅದೇ ಪ್ರಾಮಾಣಿಕತೆಯ ಗುರುತೆಂದು ತೋರಿತು. ಹಳೆಯ ದ್ರವ್ಯಗಳಲ್ಲಿ ಯಾವುದೋ ಕಾಲದಲ್ಲಿ ಯಾರೋ ಮೊಲದ ಮೇಲೆ ಹಾಕದೆ ಬಿಟ್ಟದ್ದು ವಿರಳ. ಹಿಂದೆಂದೂ ಆಗಿಲ್ಲ ಎನ್ನುವವನಿಗಿಂತ ಇಂದಿನಿಂದ ಇಲ್ಲ ಎನ್ನುವವನು ಹೆಚ್ಚು ನಂಬಿಕೆಗೆ ಅರ್ಹ. ಅಮೆರಿಕ, ಕೆನಡಗಳ ಪ್ರಾಣಿದಯಾ ಸಂಘಗಳು 1996ರಲ್ಲಿ ಒಟ್ಟುಗೂಡಿ ಏರ್ಪಡಿಸಿದ ‘ಲೀಪಿಂಗ್ ಬನ್ನಿ’ ಎಂಬ ನೆಗೆಯುವ ಮೊಲದ ಮುದ್ರೆಗೆ ಇಂತಹ ನಿಗದಿತ ದಿನಾಂಕವೂ ಹೊರಗಿನವರ ತಪಾಸಣೆಯೂ ಬೇಕು. ಆದರೆ ಮೊಲದ ಚಿತ್ರ ಬರೆಯಲು ಬಾರದ ಚಿತ್ರಕಾರನಿಲ್ಲ. ಪೆಟ್ಟಿಗೆಯ ಮೇಲಿನ ಪ್ರತಿಯೊಂದು ಮೊಲವೂ ಆ ಮೊಲವಲ್ಲ.

ಮೂರನೆಯವರು ವಿದೇಶಗಳಲ್ಲೂ ವ್ಯಾಪಾರವಿರುವವರು. ಕಾನೂನು ಕೇಳಿದ ಕಡೆಯ ಹೊರತು ಬೇರೆಲ್ಲೂ ಪರೀಕ್ಷೆಯಿಲ್ಲ ಎಂದು ಬರೆದಿದ್ದರು. ಈ ‘ಹೊರತು’ ಎಂಬ ಅವ್ಯಯದೊಳಗೆ ಒಂದು ದೊಡ್ಡ ದೇಶವೇ ಅಡಗಿದೆ. ಚೀನದಲ್ಲಿ ಆಮದಾದ ಸೌಂದರ್ಯಸಾಧನಗಳಿಗೆ ಪ್ರಾಣಿಪರೀಕ್ಷೆ ಬಹುಕಾಲ ಕಡ್ಡಾಯವಾಗಿತ್ತು. 2021ರ ಮೇ 1ರಿಂದ ಸಾಧಾರಣ ವರ್ಗದವುಗಳಿಗೆ ಷರತ್ತಿನ ಮೇಲೆ ವಿನಾಯಿತಿ ದೊರೆಯಿತು. ಕೂದಲ ಬಣ್ಣ, ಬಿಸಿಲು ತಡೆಯುವ ಲೇಪಗಳಂತಹ ವಿಶೇಷ ವರ್ಗಕ್ಕೆ ಅದು ಅನ್ವಯಿಸಲಿಲ್ಲ. ಅಲ್ಲಿಗೆ ಸರಕು ಕಳುಹಿಸಿದ ಕಂಪನಿ ತಾನು ಮೊಲವನ್ನು ಮುಟ್ಟಲಿಲ್ಲ ಎಂದರೆ ಸುಳ್ಳಾಡಿದಂತಾಗದು. ಮುಟ್ಟುವವರ ಬಾಗಿಲಿಗೆ ತಿಳಿದೇ ಹೋಗಿತ್ತು, ಅಷ್ಟೆ. ಇಲ್ಲಿ ಜನ್ನ ನೆನಪಾಗುತ್ತಾನೆ. ಚೀನವೊಂದನ್ನೇ ದೂರುವುದೂ ಸರಿಯಲ್ಲ. ಯೂರೋಪಿನಲ್ಲಿ ಒಂದು ಕಾನೂನು ಸೌಂದರ್ಯಕ್ಕಾಗಿ ಪರೀಕ್ಷೆ ಬೇಡವೆನ್ನುತ್ತದೆ, ರಸಾಯನಗಳ ಕುರಿತಾದ ಇನ್ನೊಂದು ಕಾನೂನು ಕಾರ್ಖಾನೆಯ ಕೆಲಸಗಾರರ ಸುರಕ್ಷತೆಗಾಗಿ ಅದೇ ದ್ರವ್ಯಕ್ಕೆ ಪರೀಕ್ಷೆ ಬೇಕೆನ್ನಬಲ್ಲದು. ಸಿಮ್ರೈಸ್ ಎಂಬ ಜರ್ಮನ್ ಕಂಪನಿ ಬಿಸಿಲುತಡೆಯ ಎರಡು ದ್ರವ್ಯಗಳ ವಿಷಯದಲ್ಲಿ ಇದನ್ನು ಪ್ರಶ್ನಿಸಿ ನ್ಯಾಯಾಲಯಕ್ಕೆ ಹೋಗಿ 2023ರ ನವೆಂಬರಿನಲ್ಲಿ ಸೋತಿತು. ನಮ್ಮಲ್ಲಿಯೂ ಒಂದು ಕಂಡಿಯುಂಟು: ನಿಷೇಧವಿರುವುದು ಸೌಂದರ್ಯಸಾಧನಕ್ಕೆ. ಔಷಧವೆಂದು ಪರವಾನಗಿ ಪಡೆದ ಮುಖದ ಲೇಪ, ಅಂಗಡಿಯಲ್ಲಿ ಪಕ್ಕದ ಡಬ್ಬಿಯಂತೆಯೇ ಕಂಡರೂ, ಆ ನಿಯಮದ ಮಾತಿಗೆ ಸಿಕ್ಕುವುದಿಲ್ಲ. ಹಾಗೆಂದು ಅದನ್ನು ಪ್ರಾಣಿಗಳ ಮೇಲೆ ಪರೀಕ್ಷಿಸಿಯೇ ಇರುತ್ತಾರೆಂದೂ ಅರ್ಥವಲ್ಲ.

ಇನ್ನೊಂದು ಗೊಂದಲವನ್ನೂ ಹೇಳಿಬಿಡಬೇಕು. ಪ್ರಾಣಿಗಳ ಮೇಲೆ ಪರೀಕ್ಷಿಸಿಲ್ಲ ಎಂದರೆ ಪ್ರಾಣಿಜನ್ಯ ವಸ್ತುವಿಲ್ಲ ಎಂದರ್ಥವಲ್ಲ. ಜೇನುಮೇಣವಿರಬಹುದು, ಕೊಬ್ಬಿರಬಹುದು, ರೇಷ್ಮೆಯ ಸಾರವಿರಬಹುದು. ರೇಷ್ಮೆಯ ಮಾತು ಬಂದರೆ ನಮ್ಮ ತಾಲ್ಲೂಕಿನವರು ಸ್ವಲ್ಪ ಮೆಲ್ಲಗೆ ಮಾತನಾಡಬೇಕಾಗುತ್ತದೆ. ಹಿಪ್ಪುನೇರಳೆ ಬೆಳೆಯುವ ಸೀಮೆ ನಮ್ಮದು. ದೊಡ್ಡಬಳ್ಳಾಪುರದ ಮಗ್ಗಗಳ ಸದ್ದು ಕೇಳುತ್ತಲೇ ಬೆಳೆದವರು. ಗೂಡಿನೊಳಗಿನ ಹುಳು ಕುದಿನೀರಿನಲ್ಲಿ ಏನಾಗುತ್ತದೆಂಬುದು ಮಕ್ಕಳಿಗೂ ಗೊತ್ತು. ಸೀರೆಯ ಪೆಟ್ಟಿಗೆಯ ಮೇಲೆ ಯಾರೂ ಹುಳುವಿನ ಚಿತ್ರ ಹಾಕಿಲ್ಲ. ಮೊಮ್ಮಗಳು ಇದನ್ನು ಕೇಳಿದರೆ ಏನು ಹೇಳಲೆಂದು ಯೋಚಿಸಿಟ್ಟುಕೊಂಡಿದ್ದೆ. ಅವಳು ಕೇಳಲಿಲ್ಲ, ನಾನೂ ಎತ್ತಲಿಲ್ಲ.

ಯುಗಾದಿಗೆ ಅವಳು ಮತ್ತೆ ಬಂದಾಗ ಗುರುತು ಹಾಕಿದ ಮೂರು ಕಾಗದಗಳನ್ನೂ ಅವಳ ಮುಂದಿಟ್ಟೆ. ಅವಳ ಪೆಟ್ಟಿಗೆ ಮೂರನೆಯ ಕಂಪನಿಯದು. ಪಕ್ಕದಲ್ಲಿ ಕುಳಿತಿದ್ದ ನನ್ನ ಅಕ್ಕ, ಈಗ ಎಂಬತ್ತರ ಹತ್ತಿರದವಳು, ಎಲ್ಲವನ್ನೂ ಕೇಳಿಸಿಕೊಂಡು, “ಮೊಲಾನೂ ಬೇಡ, ನನ್ನ ಹಂಗೆ ಯಾರೂ ಕುರುಡಿಯಾಗಿ ಮಲಗೋದೂ ಬೇಡ. ಎರಡೂ ಇಲ್ಲದಂಗೆ ಮಾಡೋಕಾಗುತ್ತಾ ಕೇಳಪ್ಪ” ಎಂದಳು. ಅದನ್ನೇ ಸ್ವಲ್ಪ ಗ್ರಾಂಥಿಕವಾಗಿ ಬರೆದು, ಯಾವ ದೇಶದ ಯಾವ ಕಾನೂನಿಗಾಗಿ, ಯಾವ ವಸ್ತುವಿಗೆ, ಕೊನೆಯ ಸಲ ಪರೀಕ್ಷೆ ನಡೆದದ್ದು ಯಾವ ವರ್ಷ, ಅದಕ್ಕೆ ಬದಲಿ ವಿಧಾನವನ್ನು ನೀವು ಸೂಚಿಸಿದಿರೋ ಇಲ್ಲವೋ ಎಂಬ ನಾಲ್ಕು ಪ್ರಶ್ನೆಗಳೊಡನೆ ಮೂರನೆಯ ಕಂಪನಿಗೆ ಇನ್ನೊಂದು ಕಾಗದ ಹಾಕಿದ್ದೇನೆ. ಉತ್ತರ ಇನ್ನೂ ಬರಬೇಕಾಗಿದೆ.